ಆವತಿಯ ಐತಿಹ್ಯವೂ ದೇವನಹಳ್ಳಿಯ ಸ್ಥಾಪನೆಯೂ: ಒಂದು ವಿಮರ್ಶೆ

೧

ಕನ್ನಡನಾಡಿನಲ್ಲಿ ಸ್ಥಾಪನೆಯ ಕಥೆಯಿಲ್ಲದ ಹಳೆಯ ಊರು ವಿರಳ. ಬೇಟೆಯ ನಾಯಿಯನ್ನು ಮೊಲವು ತಿರುಗಿ ಅಟ್ಟಿದ ಸ್ಥಳ, ಹುತ್ತದ ಮೇಲೆ ಹಸು ತಾನಾಗಿ ಹಾಲು ಕರೆದ ಸ್ಥಳ, ದೇವರು ಕನಸಿನಲ್ಲಿ ಬಂದು ಇಲ್ಲಿಯೇ ನಿಲ್ಲೆಂದು ಅಪ್ಪಣೆ ಕೊಟ್ಟ ಸ್ಥಳ, ಎಂದು ಇಂತಹ ಕಥೆಗಳನ್ನು ನಮ್ಮ ಜನರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಇವುಗಳ ವಿಷಯದಲ್ಲಿ ವಿದ್ವಾಂಸರು ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿಯುವುದು ರೂಢಿಯಾಗಿದೆ. ಕೆಲವರು ಕಥೆಯನ್ನು ಕೇಳಿದಂತೆಯೇ ಬರೆದು, ಅದಕ್ಕೊಂದು ವರ್ಷವನ್ನು ಜೋಡಿಸಿ, ಚರಿತ್ರೆಯೆಂದು ಒಪ್ಪಿಸುತ್ತಾರೆ. ಮತ್ತೆ ಕೆಲವರು ಇದೆಲ್ಲ ಅಡಗೂಲಜ್ಜಿಯ ಕಥೆಯೆಂದು ಬದಿಗೆ ಸರಿಸಿ, ಶಾಸನಗಳ ಮಾತನ್ನಲ್ಲದೆ ಬೇರೆ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊದಲನೆಯವರಿಗೆ ಕಥೆಯಲ್ಲಿರುವ ಕಲ್ಪನೆ ಕಾಣದು. ಎರಡನೆಯವರಿಗೆ ಕಲ್ಪನೆಯೊಳಗೆ ಉಳಿದಿರುವ ಸಾಕ್ಷ್ಯ ಕಾಣದು.

ಐತಿಹ್ಯವೂ ಒಂದು ಪಾಠವೇ ಆಗಿರುವುದರಿಂದ, ಕಾವ್ಯದ ಓಲೆಪ್ರತಿಯನ್ನು ಶೋಧಿಸುವಾಗ ನಾವು ಯಾವ ಎಚ್ಚರವನ್ನು ವಹಿಸುತ್ತೇವೆಯೋ ಅದೇ ಎಚ್ಚರವನ್ನು ಇಲ್ಲಿಯೂ ವಹಿಸುವುದು ಯುಕ್ತ. ಯಾವ ಭಾಗ ಕವಿಸಮಯ, ಯಾವ ಭಾಗ ವಂಶದ ಕೀರ್ತಿಗಾಗಿ ಸೇರಿದ್ದು, ಯಾವ ಭಾಗ ಹೇಳುವವನಿಗೆ ಪ್ರಯೋಜನವಿಲ್ಲದಿದ್ದರೂ ಉಳಿದುಕೊಂಡು ಬಂದದ್ದು ಎಂಬ ಮೂರು ಪ್ರಶ್ನೆಗಳನ್ನು ಕೇಳಿದಲ್ಲದೆ ಕಥೆಯ ಬೆಲೆ ಗೊತ್ತಾಗದು. ಈ ಲೇಖನದಲ್ಲಿ ಆವತಿಯ ನಾಡಪ್ರಭುಗಳ ಮೂಲಕಥೆಯನ್ನೂ, ಅದರ ಒಂದು ಅಂಗವಾದ ದೇವನಹಳ್ಳಿಯ ಸ್ಥಾಪನೆಯ ವೃತ್ತಾಂತವನ್ನೂ ಈ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದೆ. ಹಾಗೆ ನೋಡಿದರೆ, ಈ ಕಥೆಯು ಒಂದು ಬಾಯಿಂದ ‘ನಾವು ಕಾಡಿಗೆ ಬಂದೆವು’ ಎನ್ನುತ್ತಿದ್ದು, ಮತ್ತೊಂದು ಬಾಯಿಂದ ‘ಇದ್ದವರನ್ನು ಕೇಳಿ ಕಟ್ಟಿದೆವು’ ಎಂದು ಹೇಳುತ್ತಿರುವುದು ವಿದಿತವಾಗುತ್ತದೆ. ಈ ಎರಡನೆಯ ಮಾತಿಗೆ ಇದುವರೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

೨

ಮೊದಲು ಕಥೆಯ ಸಾರವನ್ನು ನೋಡೋಣ. ಕಂಚಿಯ ಕಡೆಯ ಸೀಮೆಯಲ್ಲಿ ಮೊರಸು ಒಕ್ಕಲಿಗರ ಕುಟುಂಬಗಳಿದ್ದವು. ಅವರ ಹಿರಿಯನಾದ ರಣಬೈರೇಗೌಡನ ಮಗಳು ದೊಡ್ಡಮ್ಮನೆಂಬವಳನ್ನು, ಕುಲದಲ್ಲಿ ಸಮನಲ್ಲದ ಪ್ರಬಲನೊಬ್ಬನು ಬಲಾತ್ಕಾರದಿಂದ ಮದುವೆಯಾಗಲು ಎಳಸಿದನು. ಮಾನಕ್ಕೆ ಅಂಜಿದ ಬಂಧುಗಳು ರಾತ್ರೋರಾತ್ರಿ ಬಂಡಿಗಳನ್ನು ಕಟ್ಟಿಕೊಂಡು ಹೊರಟರು. ಹಿಂದೆ ಶತ್ರುಗಳು, ಮುಂದೆ ತುಂಬಿದ ಪಾಲಾರು ಹೊಳೆ. ಆಗ ದೊಡ್ಡಮ್ಮನು ಗಂಗೆಯನ್ನು ಪ್ರಾರ್ಥಿಸಲು ಹೊಳೆಯು ದಾರಿಬಿಟ್ಟಿತು. ದಾಟಿದವರು ಪಡುವಲಿಗೆ ನಡೆದು, ನಂದಿಬೆಟ್ಟದ ಮೂಡಲಿಗಿರುವ ರಾಮಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ತಂಗಿದರು. ಹಿರಿಯನಿಗೆ ಕನಸಾಯಿತು, ಆವತಿಯಲ್ಲಿ ನೆಲೆನಿಂತರು. ಮುಂದೆ ಈ ಬಳಗವು ಕವಲೊಡೆಯಿತು. ಮಲ್ಲಬೈರೇಗೌಡನು ದೇವನಹಳ್ಳಿಯನ್ನೂ, ಅದೇ ಕುಲದವರು ಚಿಕ್ಕಬಳ್ಳಾಪುರ ದೊಡ್ಡಬಳ್ಳಾಪುರಗಳನ್ನೂ ಕಟ್ಟಿದರು. ಜಯಗೌಡನ ಕವಲು ಯಲಹಂಕದಲ್ಲಿ ನೆಲಸಿ, ಆ ವಂಶದ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ನಿರ್ಮಿಸಿದನು. ಲೂಯಿ ರೈಸರ ಗೆಜೆಟಿಯರು ೧೮೭೭ರಲ್ಲಿ ಮೊದಲೂ ೧೮೯೭ರಲ್ಲಿ ಪರಿಷ್ಕೃತವಾಗಿಯೂ ಅಚ್ಚಾದ ಮೇಲೆ ಈ ವೃತ್ತಾಂತವು ಬಾಯಿಂದ ಪುಸ್ತಕಕ್ಕೆ ಬಂದು, ಅಲ್ಲಿಂದ ಪಠ್ಯಪುಸ್ತಕಗಳಿಗೂ ಊರಿನ ಪರಿಚಯಗ್ರಂಥಗಳಿಗೂ ಇಳಿಯಿತು.

ಇದರಲ್ಲಿ ಹೊಳೆ ದಾರಿಬಿಡುವ ಪ್ರಸಂಗವು ಎಲ್ಲರಿಗೂ ಪರಿಚಿತವಾದ ಆಶಯ. ಶಿಶುಕೃಷ್ಣನನ್ನು ಹೊತ್ತ ವಸುದೇವನಿಗೆ ಯಮುನೆಯು ದಾರಿಯಿತ್ತ ಭಾಗವತದ ಕಥೆಯನ್ನು ಕೇಳಿ ಬೆಳೆದ ಜನರು ತಮ್ಮ ಹಿರಿಯರ ಪಯಣವನ್ನು ಅದೇ ಎರಕದಲ್ಲಿ ಹೊಯ್ದುಕೊಂಡದ್ದು ಸಹಜವೇ. ಮಾನರಕ್ಷಣೆಗಾಗಿ ವಲಸೆ ಬಂದ ಕಥೆಯನ್ನು ದಕ್ಷಿಣದೇಶದ ಅನೇಕ ಕುಲಗಳು ತಮ್ಮದೆಂದು ಹೇಳಿಕೊಳ್ಳುತ್ತವೆ. ಕನಸಿನ ಅಪ್ಪಣೆಯೂ ಅಂತಹುದೇ. ನೆರೆಯ ದೊಡ್ಡಬಳ್ಳಾಪುರಕ್ಕೆ, ಹಸುವೊಂದು ಹುತ್ತದ ಮೇಲೆ ದಿನವೂ ಒಂದು ಬಳ್ಳ ಹಾಲು ಕರೆಯುತ್ತಿದ್ದುದರಿಂದ ಆ ಹೆಸರು ಬಂದಿತೆಂದು ಹೇಳುವರು. ಹಾಲು ಕರೆದ ಹುತ್ತವು ನಮ್ಮ ದೇವಾಲಯಗಳ ಸ್ಥಳಪುರಾಣದಲ್ಲಿ ಎಷ್ಟು ಸಲ ಬಂದಿದೆಯೆಂಬುದನ್ನು ಎಣಿಸಿ ಮುಗಿಸಲಾಗದು. ಬೆಂಗಳೂರಿಗೆ ಮೊಲ ನಾಯಿಗಳ ಕಥೆ. ಅದನ್ನೇ ವಿಜಯನಗರಕ್ಕೂ ಹೇಳುತ್ತಾರೆ.

ಆದರೆ ಆಶಯವು ಸಾಮಾನ್ಯವಾದರೂ ಅದನ್ನು ಬಳಸುವ ರೀತಿಯು ಊರಿನಿಂದ ಊರಿಗೆ ಬೇರೆಯಾಗಿರುತ್ತದೆ. ಕೆಂಪೇಗೌಡನ ಕೋಟೆಯ ಬಾಗಿಲು ನಿಲ್ಲದಿರಲು ಅವನ ಸೊಸೆ ಲಕ್ಷ್ಮಮ್ಮನು ತನ್ನನ್ನೇ ಬಲಿಕೊಟ್ಟುಕೊಂಡಳೆಂಬ ಕಥೆಯುಂಟು. ಕೋರಮಂಗಲದಲ್ಲಿ ಅವಳ ಗುಡಿಯಿದೆ. ಅಲ್ಲಿ ಹೆಣ್ಣು ಕೋಟೆಗಾಗಿ ಸಾಯುತ್ತಾಳೆ. ಇಲ್ಲಿ ಹೆಣ್ಣು ಕುಲವನ್ನೆಲ್ಲ ಬದುಕಿಸಿ ಕರೆತರುತ್ತಾಳೆ. ಒಂದು ಕೋಟೆ ಎದ್ದ ಮೇಲಿನ ಕಥೆ, ಮತ್ತೊಂದು ಮನೆಯೇ ಇಲ್ಲದಿದ್ದಾಗಿನ ಕಥೆ. ಎರಡಕ್ಕೂ ಸಮಾನವಾದ ಅಂಶವೇನೆಂದರೆ, ಇವು ವಂಶದ ಗೌರವವನ್ನು ಕುರಿತ ಕಥೆಗಳು. ನೆಲವನ್ನು ಕುರಿತು ಇವು ಹೇಳುವುದೆಲ್ಲ ಪ್ರಾಸಂಗಿಕ. ವಿಮರ್ಶಕನಿಗೆ ಇದು ಉಪಯುಕ್ತವಾದ ಸಂಗತಿ. ವಂಶವು ತನ್ನ ವಿಷಯದಲ್ಲಿ ಹೇಳಿಕೊಂಡ ಮಾತನ್ನು ಸಂದೇಹದಿಂದ ನೋಡಬೇಕು; ಬೇರೆ ಉದ್ದೇಶದಿಂದ ಹೇಳುತ್ತಿರುವಾಗ ನೆಲದ ವಿಷಯದಲ್ಲಿ ತಾನಾಗಿ ಜಾರಿಬಿದ್ದ ಮಾತನ್ನು ಆದರದಿಂದ ಎತ್ತಿಕೊಳ್ಳಬೇಕು.

೩

ವಂಶವು ತನಗಾಗಿ ಹೇಳಿಕೊಂಡ ಮಾತುಗಳಲ್ಲಿ ಮುಖ್ಯವಾದದ್ದು, ತಾವು ಬಂದಾಗ ಇದು ಕಾಡಾಗಿತ್ತೆಂಬುದು. ಕಾಡನ್ನು ಕಡಿದು ಊರು ಕಟ್ಟಿದವನಿಗೆ ಊರಿನ ಮೇಲೆ ಹಕ್ಕುಂಟೆಂಬುದು ನಮ್ಮ ಜನರ ನಂಬಿಕೆ. ಆದುದರಿಂದ ‘ಕಾಡು’ ಎಂಬ ಶಬ್ದವು ಇಲ್ಲಿ ಕೇವಲ ವರ್ಣನೆಯಲ್ಲ, ಅದೊಂದು ವಾದ. ಈ ವಾದಕ್ಕೆ ಸುತ್ತಣ ಕಲ್ಲು ತಾಮ್ರಗಳ ಸಾಕ್ಷ್ಯವು ಏನೆನ್ನುತ್ತದೆ?

ನೆಲಮಂಗಲ ತಾಲ್ಲೂಕಿನ ಮಣ್ಣೆಯು ಇಂದು ಒಂದು ಹಳ್ಳಿ, ಕ್ರಿ. ಶ. ಎಂಟನೆಯ ಶತಮಾನದಲ್ಲಿ ಅದು ಮಾನ್ಯಪುರ. ಗಂಗರ ಶ್ರೀಪುರುಷನು ತನ್ನ ಆಳ್ವಿಕೆಯ ಉತ್ತರಾರ್ಧದಲ್ಲಿ ಅಲ್ಲಿ ವಾಸಿಸುತ್ತಿದ್ದನು. ೭೯೭ರ ಮತ್ತು ೮೦೨ರ ಮಣ್ಣೆಯ ತಾಮ್ರಶಾಸನಗಳು ಸೇನಾಪತಿ ಶ್ರೀವಿಜಯನು ಅಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಸಂದ ದತ್ತಿಗಳನ್ನು ಹೇಳುತ್ತವೆ. ರಾಜಧಾನಿಯೆಂಬ ಹೆಸರಿಗೆ ಈ ಜಿಲ್ಲೆಯಲ್ಲಿ ಮೊದಲು ಅರ್ಹವಾದ ಊರು ಇದೇ. ಆವತಿಗೆ ಸಮೀಪದ ನಂದಿಯಲ್ಲಿ, ಬಾಣರ ರಾಣಿ ರತ್ನಾವಳಿಯು ಮಾಡಿಸಿದ ಶಿವಾಲಯವನ್ನು ೮೦೬ರ ತಾಮ್ರಶಾಸನವು ಹೆಸರಿಸುತ್ತದೆ. ಬೇಗೂರಿನ ಸುಮಾರು ೮೯೦ರ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೇಳಿ, ಹೊಯ್ಸಳ ಬಲ್ಲಾಳನಿಗೆ ಮುದುಕಿಯು ಬೆಂದ ಕಾಳನ್ನು ಕೊಟ್ಟಳೆಂಬ ಹೆಸರಿನ ಕಥೆಯನ್ನು ಒಂದೇ ಪೆಟ್ಟಿಗೆ ನಿರಾಧಾರವನ್ನಾಗಿ ಮಾಡುತ್ತದೆ; ಹೊಯ್ಸಳರು ಹುಟ್ಟುವ ಮೊದಲೇ ಊರಿಗೆ ಆ ಹೆಸರಿತ್ತು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಬರುವ ಇಲೈಪ್ಪಾಕ್ಕ ನಾಡೇ ಯಲಹಂಕ ನಾಡು. ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಮತ್ತು ಹತ್ತನೆಯ ಸಂಪುಟಗಳು ೧೯೦೫ರಲ್ಲಿಯೇ ಪ್ರಕಟವಾಗಿ ಇದೆಲ್ಲವೂ ಬಹುಪಾಲು ವಿದ್ವಾಂಸರ ಕೈಗೆಟುಕಿದೆ.

ಇಲ್ಲಿ ಒಂದು ಶಬ್ದವು ವಿಚಾರಾರ್ಹ. ಆವತಿಯ ಕವಲಿನವರು ಹೆಮ್ಮೆಯಿಂದ ಧರಿಸಿದ ಬಿರುದು ‘ನಾಡಪ್ರಭು’. ನಾಡೆಂದರೆ ಊರುಗಳ ಕೂಟ. ಅದಕ್ಕೆ ಎಲ್ಲೆಯುಂಟು, ಲೆಕ್ಕವುಂಟು, ತೆರಿಗೆಯುಂಟು, ಗೌಡರುಂಟು. ಯಲಹಂಕ ನಾಡು ಇವರಿಗಿಂತ ಕೆಲವು ಶತಮಾನಗಳಷ್ಟು ಹಿರಿಯದು. ಕಾಡಿಗೆ ಯಾರೂ ನಾಡಪ್ರಭುವಾಗಲಾರರು. ಬಿರುದೇ ಕಥೆಯನ್ನು ಅಲ್ಲಗಳೆಯುತ್ತಿದೆ. ಹೊಸಕೋಟೆಯ ಹೆಸರೂ ಇದೇ ಜಾತಿಯ ಸಾಕ್ಷಿ. ಸುಗಟೂರಿನ ತಮ್ಮೇಗೌಡನು ಸುಮಾರು ೧೫೯೫ರಲ್ಲಿ ಕಟ್ಟಿದ ಕೋಟೆಯು ‘ಹೊಸ’ದಾದದ್ದು ಕೋಲಾರದ ಹಳೆಯ ಕೋಟೆಯು ಇದ್ದುದರಿಂದ. ಹೊಸತೆಂಬ ಮಾತು ಹಳೆಯದೊಂದನ್ನು ನೆನೆಯದೆ ಹುಟ್ಟುವುದಿಲ್ಲ.

ಹಾಗಾದರೆ ‘ಕಾಡು’ ಎಂಬುದು ಸುಳ್ಳೇ? ಪೂರ್ತಿಯಾಗಿ ಹಾಗೆನ್ನುವುದೂ ದುಡುಕು. ಈ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದ ಬಯಲು. ನಂದಿಬೆಟ್ಟದ ತಲೆ ೧,೪೭೮ ಮೀಟರು. ಪಾಲಾರು, ಅರ್ಕಾವತಿ, ಉತ್ತರ ದಕ್ಷಿಣ ಪಿನಾಕಿನಿಗಳು ಇಲ್ಲಿಯ ಬೆಟ್ಟಗಳ ಆಸುಪಾಸಿನಲ್ಲಿ ಹುಟ್ಟುತ್ತವೆ. ಆದರೆ ಹುಟ್ಟಿದ ಊರಿನಲ್ಲಿ ಹೊಳೆ ಸಣ್ಣದು. ನೀರೆಲ್ಲ ಕೆಳಗಿನ ನಾಡಿಗೆ ಹರಿದುಹೋಗುವುದರಿಂದ ಇಲ್ಲಿ ಕೆರೆಯಿದ್ದರೆ ಊರು, ಕೆರೆಯೊಡೆದರೆ ಹಾಳು. ಹೂಳು ತುಂಬಿ, ಏರಿ ಕಿತ್ತು, ಒಕ್ಕಲು ಚೆದರಿ, ಗುಡಿಯ ಮುಂದೆ ಲಂಟಾನದ ಬದಲು ಅಂದಿನ ಕಾರೆ ತುಗ್ಗಲಿ ಬೆಳೆದ ಊರುಗಳು ಹದಿನೈದನೆಯ ಶತಮಾನದಲ್ಲಿ ಅನೇಕವಾಗಿದ್ದಿರಬೇಕು. ಬಂದವರು ಕಂಡದ್ದು ಅದನ್ನೇ ಆಗಿದ್ದರೆ ಅವರು ಕಾಡೆಂದದ್ದು ಅಸಹಜವಲ್ಲ. ಆದರೆ ಹಾಳೂರು ಬೇರೆ, ಕಾಡು ಬೇರೆ. ಹಾಳೂರಿಗೆ ಹೆಸರಿರುತ್ತದೆ, ಮತ್ತು ಅಲ್ಲಲ್ಲಿ ಒಬ್ಬಿಬ್ಬರಾದರೂ ಉಳಿದಿರುತ್ತಾರೆ.

೪

ಹಾಗೆ ಉಳಿದಿದ್ದವನೊಬ್ಬನ ಹೆಸರನ್ನು ದೇವನಹಳ್ಳಿಯ ವೃತ್ತಾಂತವು ನಮಗೆ ಕಾಪಾಡಿಕೊಟ್ಟಿದೆ. ಮಲ್ಲಬೈರೇಗೌಡನು ೧೫೦೧ರಲ್ಲಿ, ದೇವನದೊಡ್ಡಿಯೆಂಬ ಸ್ಥಳದಲ್ಲಿ, ದೇವರಾಯನ ಒಪ್ಪಿಗೆಯನ್ನು ಪಡೆದು ಮಣ್ಣಿನ ಕೋಟೆಯನ್ನು ಕಟ್ಟಿದನೆಂಬುದು ಆ ವೃತ್ತಾಂತ. ಈ ಒಂದು ವಾಕ್ಯದಲ್ಲಿ ಮೂರು ಸಂಗತಿಗಳಿವೆ: ಸ್ಥಳಕ್ಕೆ ಆಗಲೇ ಹೆಸರಿತ್ತು, ಸ್ಥಳಕ್ಕೆ ಒಡೆಯನಿದ್ದನು, ಒಡೆಯನನ್ನು ಕೇಳಬೇಕಾಯಿತು.

ದೇವರಾಯನೆಂದೊಡನೆ ವಿಜಯನಗರದ ಅರಸನು ನೆನಪಿಗೆ ಬರುವುದು ಸಹಜ. ಅರಸನಿಂದ ಅಪ್ಪಣೆ ಪಡೆದು ಪಾಳೆಯಗಾರನು ಕೋಟೆ ಕಟ್ಟಿದನೆಂದರೆ ಕಥೆಯು ಸುಸಂಬದ್ಧವಾಗಿಯೂ ಕಾಣುತ್ತದೆ. ಆದರೆ ಕಾಲವು ಇದಕ್ಕೆ ಒಪ್ಪುವುದಿಲ್ಲ. ಪ್ರೌಢದೇವರಾಯನು ೧೪೪೬ರಲ್ಲಿ ತೀರಿಕೊಂಡನು. ೧೫೦೧ರಲ್ಲಿ ಸಿಂಹಾಸನದಲ್ಲಿದ್ದವನು ಸಾಳುವ ವಂಶದ ಇಮ್ಮಡಿ ನರಸಿಂಹ. ಅಧಿಕಾರವನ್ನು ನಡೆಸುತ್ತಿದ್ದವನು ತುಳುವ ನರಸನಾಯಕ. ಅರಸನೊಬ್ಬನ ಹೆಸರನ್ನು ಕಥೆಗೆ ಬೇಕೆಂದು ಸೇರಿಸಿದ್ದರೆ, ಆ ವರ್ಷಕ್ಕೆ ಹೊಂದುವ ಹೆಸರನ್ನಾದರೂ, ಎಲ್ಲರ ಬಾಯಲ್ಲಿದ್ದ ಕೃಷ್ಣರಾಯನ ಹೆಸರನ್ನಾದರೂ ಸೇರಿಸುತ್ತಿದ್ದರು.

ಕಾಲಕ್ಕಿಂತಲೂ ಬಲವಾದ ಪ್ರಮಾಣ ಊರಿನ ಹೆಸರಿನಲ್ಲಿದೆ. ಅರಸನ ಹೆಸರಿನಿಂದಾದ ಊರುಗಳಲ್ಲಿ ಅರಸನ ಗೌರವಪದವು ಉಳಿಯುವುದನ್ನು ಕಾಣುತ್ತೇವೆ. ಮೈಸೂರಿನ ಚಿಕ್ಕದೇವರಾಜನ ಹೆಸರಿನ ಬೆಟ್ಟವು ದೇವರಾಯನದುರ್ಗವೇ ಹೊರತು ದೇವನದುರ್ಗವಲ್ಲ. ದೇವರಿಗೆ ಸೇರಿದ ಊರಾಗಿದ್ದರೆ ಕನ್ನಡದ ರೂಢಿಯಂತೆ ‘ದೇವರ’ ಎಂಬ ಬಹುವಚನ ಬರಬೇಕಾಗಿತ್ತು. ದೇವರಹಳ್ಳಿಯೆಂಬ ಊರುಗಳು ನಾಡಿನಲ್ಲಿ ಹಲವಿವೆ. ‘ದೇವನ’ ಎಂಬ ಏಕವಚನದ ಷಷ್ಠಿಯು ಸಾಮಾನ್ಯ ಮನುಷ್ಯನೊಬ್ಬನನ್ನು ಹೇಳುತ್ತದೆ. ಇನ್ನು ‘ದೊಡ್ಡಿ’. ದೊಡ್ಡಿಯೆಂದರೆ ದನ ಕೂಡುವ ಆವರಣ. ಅದರ ಸುತ್ತ ನಾಲ್ಕು ಗುಡಿಸಲು ಎದ್ದರೆ ಅದೇ ಊರು. ಕನಕಪುರ, ಮಳವಳ್ಳಿ, ಮದ್ದೂರುಗಳ ಕಡೆ ಕಾಳಮುದ್ದನದೊಡ್ಡಿಯಂತಹ ಹೆಸರುಗಳು ಈಗಲೂ ಧಾರಾಳವಾಗಿವೆ. ಅಲ್ಲೆಲ್ಲ ಹೆಸರಿನ ಪೂರ್ವಪದವು ದೊಡ್ಡಿಯನ್ನು ಹಾಕಿದ ಮನುಷ್ಯನದು. ಈ ಸಾದೃಶ್ಯದಿಂದ ನೋಡಿದರೆ ದೇವನೆಂಬವನು ದನಕರುಗಳಿದ್ದ ಸ್ಥಳೀಯ ಗೃಹಸ್ಥನೆಂದೂ, ಮುಂದೆ ಕಥೆಯು ಪುಸ್ತಕಕ್ಕೆ ಏರುವಾಗ ಅವನು ದೇವರಾಯನಾದನೆಂದೂ ಊಹಿಸುವುದು ಹೆಚ್ಚು ಯುಕ್ತವೆಂದು ನಮಗೆ ತೋರುತ್ತದೆ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಒಪ್ಪಿಗೆಯ ಮಾತನ್ನೂ ಪಾಳೆಯಗಾರರೇ ತಮ್ಮ ಆಳ್ವಿಕೆಗೆ ನ್ಯಾಯದ ಬಣ್ಣ ಬರಲೆಂದು ಸೇರಿಸಿರಬಾರದೇಕೆ? ಸಾಧ್ಯವೇ. ಆದರೆ ನ್ಯಾಯದ ಬಣ್ಣಕ್ಕೆ ‘ಕಾಡು’ ಎಂಬುದೇ ಸಾಕಾಗಿತ್ತು. ಕನಸು ಅದಕ್ಕಿಂತ ಹೆಚ್ಚಾಗಿತ್ತು. ದೇವರ ಅಪ್ಪಣೆಯಿದ್ದವನು ದೊಡ್ಡಿಯವನ ಅಪ್ಪಣೆಯನ್ನು ಕೇಳಿದನೆಂದು ಹೇಳುವುದರಿಂದ ವಂಶದ ಗೌರವಕ್ಕೆ ಏನೂ ಕೂಡುವುದಿಲ್ಲ, ಸ್ವಲ್ಪ ಕಳೆಯುತ್ತದೆ. ಕಳೆಯುವ ಮಾತು ಉಳಿದಿದೆಯೆಂದರೆ, ಊರಿನವರು ಅದನ್ನು ಮರೆಯಗೊಡಲಿಲ್ಲವೆಂದು ತಿಳಿಯಬೇಕು. ಒಪ್ಪಿಗೆಯನ್ನು ದೇವನು ಮನಸಾರೆ ಕೊಟ್ಟನೋ, ಬಂದವರ ಬಲವನ್ನು ಕಂಡು ಕೊಟ್ಟನೋ ಎಂಬುದು ಬೇರೆ ಮಾತು. ಕೇಳಬೇಕಾದ ಒಬ್ಬನಿದ್ದನೆಂಬುದೇ ಇಲ್ಲಿ ಸಿದ್ಧವಾಗುವ ವಿಷಯ.

೫

ಈ ವಿಚಾರವನ್ನು ಸ್ಫುಟಪಡಿಸಲು ಬಹುದೂರದ ಆದರೆ ಸಮಕಾಲೀನವಾದ ಒಂದು ನಗರವನ್ನು ಜೊತೆಗಿಟ್ಟು ನೋಡುವುದು ಒಳ್ಳೆಯದು. ದೇವನಹಳ್ಳಿಯ ಕೋಟೆಗೂ ಬೆಂಗಳೂರಿನ ಪೇಟೆಗೂ ನಡುವಣ ವರ್ಷಗಳಲ್ಲಿಯೇ ಸ್ಪೇನ್ ದೇಶದವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಮೇಲೆ ರಾಜಧಾನಿಗಳನ್ನು ನೆಲೆಗೊಳಿಸುತ್ತಿದ್ದರು. ಅವುಗಳಲ್ಲಿ ಕೀಟೊ ನಗರವು, ಸುಮಾರು ೨,೮೫೦ ಮೀಟರು ಎತ್ತರದಲ್ಲಿ, ಪಿಚಿಂಚ ಎಂಬ ಜ್ವಾಲಾಮುಖಿಯ ಮಗ್ಗುಲಲ್ಲಿದೆ. ಇಂದು ಅದು ಎಕ್ವಡೋರ್ ದೇಶದ ರಾಜಧಾನಿ.

ಕೀಟೊವಿನ ಸ್ಥಾಪನೆಗೆ ಕಥೆ ಬೇಕಾಗಲಿಲ್ಲ, ದಸ್ತಾವೇಜು ಇತ್ತು. ೧೫೩೪ರ ಆಗಸ್ಟಿನಲ್ಲಿ ಅಲ್ಮಾಗ್ರೊ ಎಂಬ ದಳಪತಿಯು, ಆ ಸ್ಥಳದಿಂದ ದೂರದ ರಿಯೊಬಾಂಬದಲ್ಲಿ ಕುಳಿತು, ಇನ್ನೂ ಕೈವಶವಾಗದಿದ್ದ ನಗರವನ್ನು ಸಂತ ಫ್ರಾನ್ಸಿಸನ ಹೆಸರಿನಲ್ಲಿ ಕಾಗದದ ಮೇಲೆ ಸ್ಥಾಪಿಸಿದನು. ಅದೇ ವರ್ಷ ಡಿಸೆಂಬರು ೬ರಂದು ಬೆನಾಲ್ಕಾಸರನು ಹೋಗಿ ಅದನ್ನು ನೆಲದ ಮೇಲೆ ನೆಲೆಗೊಳಿಸಿದನು. ಅವನು ಸೇರಿದ್ದು ಬರಿಯ ಬಯಲನ್ನಲ್ಲ. ಅದು ಇಂಕಾ ಅರಸರ ಉತ್ತರದ ದೊಡ್ಡ ಪಟ್ಟಣ. ಶತ್ರುವಿನ ಕೈಗೆ ಸಿಕ್ಕಬಾರದೆಂದು ರೂಮಿನ್ಯಾವಿ ಎಂಬ ಇಂಕಾ ಸೇನಾನಿಯು ಅದನ್ನು ಸುಟ್ಟುಹಾಕಿದ್ದನು. ಆ ಬೂದಿಯ ಮೇಲೆ ಚೌಕ, ಚೌಕದ ಸುತ್ತ ದೇವಾಲಯ ಮತ್ತು ಅಧಿಕಾರಮಂದಿರ, ಅಲ್ಲಿಂದ ನೇರವಾಗಿ ಬೀದಿಗಳು. ನಡುವೆ ಕಮರಿ ಬಂದಲ್ಲಿ ಕಮರಿಯನ್ನೇ ತುಂಬಿಸಿ ಬೀದಿಯನ್ನು ನೇರಗೊಳಿಸಿದರು. ೧೫೬೩ರಲ್ಲಿ ಅದು ಉಚ್ಚನ್ಯಾಯಸಭೆಯುಳ್ಳ ಪ್ರಾಂತರಾಜಧಾನಿಯಾಯಿತು. ೧೯೭೮ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ತಾಣಗಳ ಮೊದಲನೆಯ ಪಟ್ಟಿಯಲ್ಲಿಯೇ ಅದನ್ನು ಸೇರಿಸಿತು.

ಸ್ಪೇನಿನ ಅರಸರು ಕಾಲಕಾಲಕ್ಕೆ ಹೊರಡಿಸಿದ ಆಜ್ಞೆಗಳು ೧೬೮೦ರ ಶಾಸನಸಂಹಿತೆಯಲ್ಲಿ ಸಂಕಲಿತವಾಗಿವೆ. ಹೊಸ ಊರನ್ನು ಖಾಲಿಯಾದ ನೆಲದಲ್ಲಿ, ಮೂಲನಿವಾಸಿಗಳಿಗೆ ಹಾನಿಯಾಗದಂತೆ, ಇಲ್ಲವೇ ಅವರ ಸ್ವಂತ ಒಪ್ಪಿಗೆಯಿಂದ ಕಟ್ಟಬೇಕೆಂದು ಅದರಲ್ಲಿ ವಿಧಿಯುಂಟು. ಓದುವವರಿಗೆ ಇದು ಸೋಜಿಗವನ್ನು ತರದಿರದು. ಖಾಲಿ ನೆಲ, ಒಪ್ಪಿಗೆ: ನಮ್ಮ ಆವತಿಯ ಕಥೆಯಲ್ಲಿರುವುದೂ ಈ ಎರಡು ಪದಗಳೇ. ಅಲ್ಲಿ ಕಾನೂನಿನ ಭಾಷೆ, ಇಲ್ಲಿ ಕಥೆಯ ಭಾಷೆ. ಕೇಳಿದ ಪ್ರಶ್ನೆ ಒಂದೇ. ಅಲ್ಲಿ ಕಾನೂನು ಇದ್ದೂ ನಡೆದದ್ದು ಯುದ್ಧ. ಗೆದ್ದವರ ಕಾಗದದಲ್ಲಿ ಸೋತವರ ಒಪ್ಪಿಗೆಯ ಸುಳಿವಿಲ್ಲ.

ಆದರೂ ಸೋತವರ ಮಾತು ಪೂರ್ತಿ ಅಳಿಯಲಿಲ್ಲ. ಸಂತನ ಹೆಸರಿನ ಹಿಂದೆ ಹಳೆಯ ಕೀಟೊ ಎಂಬ ಹೆಸರೇ ನಿಂತು, ಕಡೆಗೆ ಅದೇ ಗೆದ್ದಿತು. ಸಂತ ಫ್ರಾನ್ಸಿಸನ ದೇವಾಲಯದ ಮುಂದಣ ಜಗಲಿಯನ್ನು ಕಟ್ಟಿದವನು ಕಾಂಟೂನ್ಯಾ ಎಂಬ ಸ್ಥಳೀಯನೆಂದೂ, ಅವನು ಸೈತಾನನಿಂದ ಕೆಲಸ ಮಾಡಿಸಿಕೊಂಡು ಒಂದು ಕಲ್ಲನ್ನು ಕಡಮೆ ಮಾಡಿ ಅವನನ್ನು ವಂಚಿಸಿದನೆಂದೂ ಅಲ್ಲಿಯ ಜನರು ಹೇಳುತ್ತಾರೆ. ಕಟ್ಟಿದ ಕೈ ಯಾರದೆಂಬುದನ್ನು ಆ ಕಥೆಯು ಮರೆಯಲಿಲ್ಲ. ಅಲ್ಲಿಯ ವಿದ್ವಾಂಸರಲ್ಲಿಯೂ ನಮ್ಮಲ್ಲಿರುವ ಎರಡು ಮಾರ್ಗಗಳನ್ನೇ ಕಾಣುತ್ತೇವೆ. ೧೭೮೯ರಲ್ಲಿ ಹ್ವಾನ್ ದೆ ವೆಲಾಸ್ಕೊ ಎಂಬ ಪಾದ್ರಿಯು ಇಂಕಾ ಅರಸರಿಗೂ ಹಿಂದಿನ ಕೀಟೊ ರಾಜ್ಯದ ಇತಿಹಾಸವನ್ನು ಐತಿಹ್ಯಗಳ ಆಧಾರದಿಂದ ವಿಸ್ತಾರವಾಗಿ ರಚಿಸಿದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಿಜೋನ್ ಇ ಕಾಮಾನ್ಯೊ ಎಂಬ ಪುರಾತತ್ತ್ವಜ್ಞನು ಅದನ್ನು ಕಟುವಾಗಿ ಖಂಡಿಸಿದನು. ರಾಜರ ಪಟ್ಟಿಯು ಬಿದ್ದುಹೋಯಿತು. ಇಂಕಾ ಅರಸರಿಗೂ ಮುಂಚೆ ಅಲ್ಲಿ ಜನರಿದ್ದರೆಂಬ ಮಾತು ಉತ್ಖನನಗಳಿಂದ ದೃಢಪಟ್ಟಿತು. ಕಥೆಯ ಹೊಟ್ಟನ್ನು ತೂರಿದರೂ ಕಾಳು ಉಳಿಯಿತು.

ಈ ತುಲನೆಯಿಂದ ದೇವನಹಳ್ಳಿಯು ಕೀಟೊವಿಗೆ ಸಮನೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಒಂದು ಸಾಗರದಾಚೆಯ ಸಾಮ್ರಾಜ್ಯದ ನಗರ, ಮತ್ತೊಂದು ಒಕ್ಕಲಿಗ ಪ್ರಭುಗಳ ಕೋಟೆ. ದಸ್ತಾವೇಜು ಕಥೆಗಿಂತ ಸತ್ಯವೆಂಬ ನಮ್ಮ ಸಾಮಾನ್ಯ ನಂಬಿಕೆಯನ್ನು ಮಾತ್ರ ಇದು ಸ್ವಲ್ಪ ಅಲುಗಿಸಬೇಕು. ಕೀಟೊವಿನ ಕಾಗದದಲ್ಲಿ ದಿನಾಂಕವಿದೆ, ದೇವನಿಲ್ಲ. ದೇವನಹಳ್ಳಿಯ ಕಥೆಯಲ್ಲಿ ದಿನಾಂಕ ಸಂದಿಗ್ಧ, ದೇವನಿದ್ದಾನೆ.

೬

ಮುಂದಿನ ಚರಿತ್ರೆಯಲ್ಲಿಯೂ ಊರಿನ ಈ ಸ್ವಭಾವವು ಕಂಡುಬರುತ್ತದೆ. ಸುಮಾರು ಎರಡೂವರೆ ಶತಮಾನಗಳ ಕಾಲ ಆವತಿಯ ವಂಶದವರ ಕೈಯಲ್ಲಿದ್ದ ಕೋಟೆಯನ್ನು ೧೭೪೯ರಲ್ಲಿ ಮೈಸೂರಿನ ನಂಜರಾಜಯ್ಯನು ಮುತ್ತಿ ಹಿಡಿದನು. ಹೈದರನು ಮೊದಲು ಗಣ್ಯತೆಗೆ ಬಂದದ್ದು ಆ ಮುತ್ತಿಗೆಯಲ್ಲಿಯೇ. ಮರುವರ್ಷ ಟಿಪ್ಪು ಹುಟ್ಟಿದ್ದೂ ಈ ಊರಿನಲ್ಲಿಯೇ. ಬಳಿಕ ಹೈದರನು ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸತೊಡಗಿದನು. ಅಂಡಾಕಾರವಾಗಿ, ಸುಮಾರು ೨೦ ಎಕರೆಯ ಆವರಣವುಳ್ಳದ್ದಾಗಿ, ೧೨ ಅರ್ಧವೃತ್ತದ ಕೊತ್ತಳಗಳಿಂದಲೂ ಮೂಡಲ ಪಡುವಲ 
ಬಾಗಿಲುಗಳಿಂದಲೂ ಕೂಡಿರುವ ಆ ಕೋಟೆಯು ಇಂದಿಗೂ ನಿಂತಿದೆ. ೧೭೯೧ರಲ್ಲಿ ಕಾರ್ನ್‌ವಾಲೀಸನ ಸೈನ್ಯವು ಅದನ್ನು ವಶಪಡಿಸಿಕೊಂಡಿತು.

ಕೋಟೆಯೊಳಗೆ ಹೋದವರಿಗೆ ಎದ್ದು ಕಾಣುವುದು ಅರಮನೆಯಲ್ಲ; ವೇಣುಗೋಪಾಲಸ್ವಾಮಿಯ ಗುಡಿ, ಬೀದಿ, ಒಕ್ಕಲಿರುವ ಮನೆಗಳು. ಕೋಟೆಯು ಊರನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡು ಊರಾಗಿಯೇ ಉಳಿಯಿತು. ಹೆಸರಿನ ವಿಷಯದಲ್ಲಿಯೂ ಹೀಗೆಯೇ. ಕೋಟೆ ಕಟ್ಟಿದ ಮಲ್ಲಬೈರೇಗೌಡನ ಹೆಸರು ಊರಿಗೆ ಬರಲಿಲ್ಲ. ದೊಡ್ಡಿಯು ಹಳ್ಳಿಯಾಯಿತೇ ಹೊರತು ಪುರವಾಗಲಿಲ್ಲ. ಟಿಪ್ಪು ಇದಕ್ಕೆ ಯೂಸುಫಾಬಾದ್ ಎಂದು ಹೆಸರಿಟ್ಟನು. ಅದು ಕಾಗದಗಳಲ್ಲಿ ಉಳಿದು ಬಾಯಿಗೆ ಬರಲಿಲ್ಲ. ೧೯೮೬ರಲ್ಲಿ ಈ ಸೀಮೆಯನ್ನು ಬೆಂಗಳೂರು ಗ್ರಾಮಾಂತರವೆಂಬ ಜಿಲ್ಲೆಯಾಗಿ ವಿಂಗಡಿಸಿದರು. ಅದನ್ನು ಬೆಂಗಳೂರು ಉತ್ತರವೆಂದು ಕರೆಯಲು ೨೦೨೫ರ ಜುಲೈಯಲ್ಲಿ ಸಚಿವಸಂಪುಟವು ತೀರ್ಮಾನಿಸಿತು. ಇಷ್ಟರ ನಡುವೆ ದೊಡ್ಡಿ ಹಾಕಿದ ದೇವನು ಐದು ಶತಮಾನಗಳನ್ನು ದಾಟಿ ತನ್ನ ಸ್ಥಳದಲ್ಲಿಯೇ ಇದ್ದಾನೆ.

ಇದು ಕೇವಲ ಪುರಾತನ ವಸ್ತುವಿನ ಕುತೂಹಲವೆಂದು ಭಾವಿಸಲಾಗದು. ೨೦೦೮ರ ಮೇ ತಿಂಗಳಲ್ಲಿ ವಿಮಾನನಿಲ್ದಾಣವು ಆರಂಭವಾದ ಮೇಲೆ ದೇವನಹಳ್ಳಿಯ ಸುತ್ತ ಹೊಸ ಸ್ಥಾಪನೆಗಳ ಕಾಲ ಬಂದಿದೆ. ಆವತಿಯ ಕವಲಿನ ಕೆಂಪೇಗೌಡನ ಹೆಸರನ್ನು ನಿಲ್ದಾಣಕ್ಕೆ ಇಟ್ಟು, ೨೦೨೨ರ ನವೆಂಬರಿನಲ್ಲಿ ಅವನ ೧೦೮ ಅಡಿ ಎತ್ತರದ ವಿಗ್ರಹವನ್ನು ಅಲ್ಲಿ ಅನಾವರಣಗೊಳಿಸಿದ್ದಾರೆ. ಅದೇ ವರ್ಷ ಚನ್ನರಾಯಪಟ್ಟಣ ಹೋಬಳಿಯ ೧೩ ಹಳ್ಳಿಗಳ ೧,೭೭೭ ಎಕರೆ ನೆಲವನ್ನು ಕೈಗಾರಿಕೆಗಾಗಿ ತೆಗೆದುಕೊಳ್ಳುವ ಪ್ರಸ್ತಾವಕ್ಕೆ ಎದುರಾಗಿ ಒಕ್ಕಲುಮಕ್ಕಳು ಧರಣಿ ಕುಳಿತರು. ಮೂರು ವರ್ಷಗಳಿಗೂ ಮಿಕ್ಕಿ ಅದು ನಡೆದು, ೨೦೨೫ರ ಜುಲೈಯಲ್ಲಿ ಸರ್ಕಾರವು ಪ್ರಸ್ತಾವವನ್ನು ಕೈಬಿಡುವುದಾಗಿ ಸಾರಿತು. ಅದರ ಗುಣದೋಷಗಳ ನಿರ್ಣಯವು ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಆದರೆ ನೆಲವನ್ನು ನಕ್ಷೆಯ ಮೇಲೆ ಬರಿದಾಗಿ ಕಾಣುವ ಭಾಷೆಯೂ, ಇಲ್ಲಿ ಕೇಳಬೇಕಾದವರಿದ್ದಾರೆ ಎನ್ನುವ ಭಾಷೆಯೂ ಈ ಸೀಮೆಗೆ ಹೊಸತಲ್ಲವೆಂಬುದನ್ನು ಐತಿಹ್ಯವನ್ನು ಓದಿದವರು ಬಲ್ಲರು.

೭

ಮೇಲಿನ ವಿಚಾರದಿಂದ ತೇಲುವ ಸಂಗತಿಗಳು ಇವು. ಆವತಿಯ ಕಥೆಯಲ್ಲಿ ಹೊಳೆ, ಕನಸು, ಕಾಡು ಎಂಬ ಅಂಗಗಳು ಕವಿಸಮಯದ ಬಳಿ ನಿಲ್ಲತಕ್ಕವು. ಅವುಗಳಿಂದ ವಂಶವು ತನ್ನನ್ನು ಹೇಗೆ ಕಂಡುಕೊಂಡಿತೆಂಬುದು ತಿಳಿಯುತ್ತದೆ, ನೆಲದ ಸ್ಥಿತಿ ತಿಳಿಯುವುದಿಲ್ಲ. ಮಣ್ಣೆ, ನಂದಿ, ಬೇಗೂರುಗಳ ಶಾಸನಗಳೂ ಯಲಹಂಕ ನಾಡಿನ ಹೆಸರೂ ಈ ಸೀಮೆಯು ಎಂಟನೆಯ ಶತಮಾನದಿಂದಲೇ ಊರು ಗುಡಿ ನಾಡುಗಳಿಂದ ಕೂಡಿತ್ತೆಂದು ತೋರಿಸುತ್ತವೆ. ದೇವನ ಒಪ್ಪಿಗೆಯ ಮಾತು ವಂಶದ ಕೀರ್ತಿಗೆ ಸಹಾಯಕವಲ್ಲದ್ದರಿಂದಲೂ, ಊರಿನ ಹೆಸರಿನ ರೂಪವು ಅದಕ್ಕೆ ಅನುಕೂಲವಾಗಿರುವುದರಿಂದಲೂ, ಕಥೆಯಲ್ಲಿ ಹೆಚ್ಚು ಪ್ರಾಮಾಣಿಕವಾದ ಭಾಗವೆಂದು ಎಣಿಸಲು ಯೋಗ್ಯವಾಗಿದೆ.

ದೇವನಹಳ್ಳಿಯನ್ನು ಒಬ್ಬ ಸುಲ್ತಾನನ ಜನ್ಮಸ್ಥಳವೆಂದೋ ವಿಮಾನನಿಲ್ದಾಣದ ಊರೆಂದೋ ಮಾತ್ರ ಬಲ್ಲ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಈ ಕಥೆಯನ್ನು ಹೇಳುವಾಗ, ಹೊಳೆ ದಾರಿಬಿಟ್ಟ ರಮ್ಯಪ್ರಸಂಗದಲ್ಲಿಯೇ ನಿಲ್ಲದೆ ದೊಡ್ಡಿಯವರೆಗೆ ಅವರನ್ನು ಕರೆದುಕೊಂಡು ಹೋಗಬೇಕು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಬೇಚಿರಾಕ್ ಗ್ರಾಮಗಳ ಹೆಸರುಗಳನ್ನೂ, ಕೆರೆ ತೋಪು ಹೊಲಗಳ ಹೆಸರುಗಳನ್ನೂ, ಅವುಗಳಿಗೆ ಅಂಟಿಕೊಂಡ ಕಥೆಗಳನ್ನೂ ಆಯಾ ಊರಿನ ಹಿರಿಯರ ಬಾಯಿಂದ ಕೇಳಿ ಬರೆದಿಡುವ ಕಾರ್ಯವನ್ನು ಶಾಲಾ ಕಾಲೇಜುಗಳು ಕೈಗೊಂಡರೆ, ದೇವನಂತಹ ಇನ್ನೆಷ್ಟೋ ಮಂದಿ ಬೆಳಕಿಗೆ ಬರುವುದು ಅಸಂಭವವಲ್ಲ. ಹೊಲಗಳು ಬಡಾವಣೆಗಳಾಗಿ ಅವುಗಳ ಹೆಸರು ನಿವೇಶನಸಂಖ್ಯೆಗಳಾಗುವ ಮುನ್ನ ಈ ಕಾರ್ಯ ನಡೆಯಬೇಕಾಗಿದೆಯೆಂದು ವಿದ್ವಾಂಸರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ.